ಜ್ವರ ಇಳಿಸಿಕೊಂಡು ಡಾಕ್ಟರ ಹತ್ತಿರ ಹೋದವರು

ನೀವು ಡಾಕ್ಟರ ಹತ್ತಿರ ಹೋಗುವ ಮುಂಚೆ ಏನು ಮಾಡುತ್ತೀರಿ?

ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೆ ಅಂತ ನಾನು ಹೇಳುತ್ತೇನೆ. ಮೊದಲು ಸ್ನಾನ. ಆಮೇಲೆ ಬೀರುವಿನಿಂದ ಒಳ್ಳೆಯ ಸೀರೆ. ತಲೆ ಬಾಚಿ ಜಡೆ ಹಾಕಿ, ಸಿಕ್ಕಿದರೆ ಒಂದು ಮೊಳ ಕನಕಾಂಬರ. ಕೊನೆಗೆ, ಬಸ್ಸಿನಲ್ಲಿ ಕೂರಲು ತ್ರಾಣ ಬೇಕಲ್ಲ ಅಂತ ಒಂದು ಜ್ವರದ ಮಾತ್ರೆ. ಡಾಕ್ಟರ ಎದುರು ಕೂರುವ ಹೊತ್ತಿಗೆ ಹಣೆ ತಣ್ಣಗಿರುತ್ತದೆ. ಯಾವ ಜ್ವರ ತೋರಿಸಲು ಹೊರಟಿದ್ದರೋ ಆ ಜ್ವರವೇ ಇರುವುದಿಲ್ಲ.

(ನಗಬೇಡಿ. ನಿಮ್ಮ ಮನೆಯಲ್ಲೂ ಇದೇ ನಡೆದಿರುತ್ತದೆ, ಕೇಳಿ ನೋಡಿ.)

ಮೂರು ತಿಂಗಳ ಹಿಂದೆ ನನ್ನ ಅಕ್ಕ ಹೀಗೆಯೇ ತಯಾರಾಗಿ ಡಾಕ್ಟರ ಹತ್ತಿರ ಹೋದಳು. ಅವಳಿಗೆ ಮಾತ್ರೆ ಕೊಟ್ಟವಳು ನಾನು. ಶಿರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಪ್ರತಿವರ್ಷ ಹತ್ತನೇ ತರಗತಿಯವರ ಕೈಲಿ ಬೆನ್ನುಹುರಿಯ ಚಿತ್ರ ಬರೆಸಿ ಮಾರ್ಕ್ಸ್ ಹಾಕುವವಳು. ನನಗೆ ಈಗ ಎಷ್ಟು ಮಾರ್ಕ್ಸ್ ಕೊಡಬೇಕು ಅಂತ ಈ ಬರಹ ಓದಿದ ಮೇಲೆ ನೀವೇ ಹೇಳಿ.

ಅಕ್ಕನ ಹೆಸರು ಪುಟ್ಟರಂಗಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಕೊಟ್ಟಿರುವುದು ಪಾವಗಡ ತಾಲ್ಲೂಕಿನ ವಳ್ಳೂರಿಗೆ. ಊರಿನ ಸುತ್ತ ಈಗ ಹೊಲಗಳಿಗಿಂತ ಸೋಲಾರ್ ಫಲಕಗಳೇ ಜಾಸ್ತಿ. ಅವುಗಳನ್ನು ತೊಳೆಯುವ ತಂಡದಲ್ಲಿ ಅಕ್ಕನಿಗೆ ಕೆಲಸ. ಬಿಸಿಲೇರುವ ಮುಂಚೆ ಟ್ಯಾಂಕರ್ ಹಿಂದೆ ಪೈಪ್ ಎಳೆದುಕೊಂಡು ಹೋಗಬೇಕು, ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ ಧೂಳು ಇಳಿಸಬೇಕು. ಅವಳು ಅವನ್ನು ಪ್ಲೇಟು ಎನ್ನುತ್ತಾಳೆ. "ಮದ್ವೆ ಮನೆ ಪ್ಲೇಟಿದ್ದಂಗೆ ಕಣಮ್ಮ, ತೊಳ್ದಷ್ಟೂ ಬತ್ತಾನೇ ಇರ್ತವೆ" ಅಂತ ನಗುತ್ತಾಳೆ. ಆ ಕೆಲಸ ಅವಳಿಗೆ ಇಷ್ಟ. ತಿಂಗಳಿಗೊಮ್ಮೆ ಸ್ವಂತ ಅಕೌಂಟಿಗೆ ಸಂಬಳ ಬರುವ ಕೆಲಸ ಅವಳ ಜೀವನದಲ್ಲಿ ಅದೇ ಮೊದಲನೆಯದು.

ಮೊದಲು ಎದ್ದದ್ದು ಒಂದು ಕುರು. ತೊಡೆಯ ಮೇಲೆ. ಸಕ್ಕರೆ ಕಾಯಿಲೆಯ ಮೈ, ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಅರಿಶಿನ, ಸುಣ್ಣ ಕಲಸಿ ಹಚ್ಚಿದಳು. ಕುರು ಒಡೆಯಿತು, ಬತ್ತಿತು. ಮರೆತಳು.

ಎರಡು ವಾರ ಕಳೆದ ಮೇಲೆ ಬೆನ್ನು ನೋವು ಶುರುವಾಯಿತು. ಸೊಂಟವಲ್ಲ. ಬೆನ್ನಿನ ನಡುವೆ, ರವಿಕೆಯ ಅಂಚು ಮುಗಿಯುವ ಕಡೆ, ಬೆರಳಿಟ್ಟು ಇಲ್ಲೇ ಅಂತ ತೋರಿಸಬಹುದಾದ ಒಂದೇ ಜಾಗದಲ್ಲಿ. ಸಂಜೆಯಾದರೆ ಚಳಿ ಬಂದು ಮೈ ಬಿಸಿಯಾಗುತ್ತಿತ್ತು. ನಾನು ಫೋನ್ ಮಾಡಿದಾಗ ಹೀಗೆ ಹೇಳಿದಳು.

"ಪೈಪ್ ಎಳ್ದು ಎಳ್ದು ಇಡ್ಕಂಡೈತೆ ಕಣಮ್ಮ. ಮಲಿಕ್ಕಂಡ್ರೂ ಬುಡವಲ್ದು."

ಮಲಗಿದರೂ ಬಿಡದ ನೋವು. ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ದುಡಿತದಿಂದ ಬಂದ ನೋವು ಸಾಮಾನ್ಯವಾಗಿ ಮಲಗಿದರೆ ಸ್ವಲ್ಪವಾದರೂ ಇಳಿಯುತ್ತದೆ. ಇದು ಇಳಿಯುತ್ತಿಲ್ಲ ಅಂತ ಅವಳೇ ಹೇಳುತ್ತಿದ್ದಾಳೆ. ನಾನು ಏನು ಹೇಳಿದೆ? "ನಾಲ್ಕು ದಿನ ಕೆಲಸಕ್ಕೆ ಹೋಗಬೇಡ" ಅಂದೆ.

ಭಾವ ಹನುಮಂತರಾಯಪ್ಪ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. (ಹೆಸರು ಬೇಡ. ಊರೂ ಬೇಡ. ಇಂಥ ಕ್ಲಿನಿಕ್ ಎಲ್ಲ ಊರಿನಲ್ಲೂ ಇದೆ.) ಸ್ನಾನ, ಸೀರೆ, ಮಾತ್ರೆ ಎಲ್ಲ ಮುಗಿಸಿಯೇ ಹೋಗಿದ್ದಾಳೆ. ಅಲ್ಲಿನ ಡಾಕ್ಟರ್ ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ. "ಏನು ಕೆಲಸ ಮಾಡ್ತೀಯಮ್ಮ?"

"ಸೋಲಾರ್ ಪ್ಲೇಟು ತೊಳೀತೀನಿ ಸ್ವಾಮಿ."

"ಹಾಂ, ಅದಕ್ಕೇ."

ಮುಗಿಯಿತು. ಕೆಲಸ ಗೊತ್ತಾದ ಕೂಡಲೇ ಕಾಯಿಲೆಯೂ ಗೊತ್ತಾಗಿಬಿಟ್ಟಿತು. ಒಂದು ನೋವಿನ ಇಂಜೆಕ್ಷನ್, ಸೊಂಟಕ್ಕೆ ಒಂದು ಬೆಲ್ಟ್. ನೋವಿರುವುದು ಬೆನ್ನಿನಲ್ಲಿ, ಬೆಲ್ಟ್ ಸೊಂಟಕ್ಕೆ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಂಜೆಕ್ಷನ್ನಿನ ಬಲ ಎರಡು ದಿನ. ಮೂರನೆಯ ದಿನ ಗಡಿಯಾಚೆಯ ಹಳ್ಳಿಯೊಂದರಲ್ಲಿ ಬೆನ್ನು ತಿಕ್ಕುವವರಿದ್ದಾರೆ ಅಂತ ಯಾರೋ ಹೇಳಿದರು. ಆ ಮುದುಕರು ಎಣ್ಣೆ ಹಚ್ಚಿ, "ಏಮಿ ಲೇದಮ್ಮಾ, ನರಂ ಪಟ್ಟಿಂದಿ" ಅಂದರಂತೆ. ಏನೂ ಇಲ್ಲ, ನರ ಹಿಡಿದಿದೆ, ಅಷ್ಟೇ. ಆಮೇಲೆ ಅಕ್ಕನನ್ನು ಬೋರಲು ಮಲಗಿಸಿ, ನೋವಿದ್ದ ಜಾಗಕ್ಕೇ ಮೊಣಕೈ ಊರಿ ಒತ್ತಿದ್ದಾರೆ. ಅಕ್ಕ ಕಿರುಚಿದ್ದು ರಸ್ತೆಗೆ ಕೇಳಿಸಿತು ಅಂತ ಭಾವನೇ ಹೇಳಿದರು. ಆ ಮುದುಕರ ಮೇಲೆ ನನಗೆ ಬಹಳ ಸಿಟ್ಟು ಬರುವುದಿಲ್ಲ. ಅವರು ಗೋಡೆಗೆ ಯಾವ ಸರ್ಟಿಫಿಕೇಟನ್ನೂ ನೇತು ಹಾಕಿಲ್ಲ.

ಆಗ ನಾನು ರಂಗಕ್ಕಿಳಿದೆ. ಅಕ್ಕನನ್ನು ಶಿರಾಕ್ಕೆ ಕರೆಸಿಕೊಂಡೆ. ನನಗೆ ಪರಿಚಯದ ಮೂಳೆ ಡಾಕ್ಟರೊಬ್ಬರಿದ್ದಾರೆ. ಒಳ್ಳೆಯ ಮನುಷ್ಯ, ಮಗಳು ನಮ್ಮ ಸ್ಕೂಲಿನಲ್ಲೇ ಓದುತ್ತಾಳೆ. ಬೆಳಗ್ಗೆ ಅಕ್ಕನ ಮೈ ಕಾದ ಹಂಚಿನಂತಿತ್ತು. "ಕ್ಯೂನಲ್ಲಿ ಎಷ್ಟು ಹೊತ್ತು ಕೂರಬೇಕೋ ಏನೋ, ಒಂದು ಮಾತ್ರೆ ನುಂಗಿಬಿಡು" ಅಂತ ನಾನೇ ಕೈಗೆ ಕೊಟ್ಟೆ. ನಾನೇ ನೀರೂ ಕೊಟ್ಟೆ. ಇಸ್ತ್ರಿ ಮಾಡಿದ ನನ್ನದೊಂದು ಸೀರೆಯನ್ನೂ ಉಡಿಸಿದೆ.

ಡಾಕ್ಟರು ಹಣೆಯ ಹತ್ತಿರ ಆ ಥರ್ಮಾಮೀಟರ್ ಗನ್ ಹಿಡಿದರು. "ಫೀವರ್ ಇಲ್ಲ" ಅಂತ ಬರೆದುಕೊಂಡರು. "ಏನು ಕೆಲಸ?" ಅಂದರು. ನಾನೇ ಉತ್ತರ ಕೊಟ್ಟೆ. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, "ಸ್ವಲ್ಪ ಸವಕಳಿ ಇದೆ ಟೀಚರ್. ಈ ವಯಸ್ಸು, ಈ ಕೆಲಸ, ಇಷ್ಟಾದರೂ ಇರಲೇಬೇಕಲ್ಲ" ಅಂದರು. ಸಂಜೆ ಹೊತ್ತು ಮೈ ಬಿಸಿಯಾಗುತ್ತದೆ ಅಂತ ಅಕ್ಕ ಬಾಯಿ ತೆರೆದಳು. "ವೈರಲ್ ಎಲ್ಲ ಕಡೆ ಇದೆಯಮ್ಮ" ಅಂದರು. ಹತ್ತು ದಿನ ರೆಸ್ಟ್ ಬರೆದರು. ನಾವು ಥ್ಯಾಂಕ್ಸ್ ಹೇಳಿ ಎದ್ದು ಬಂದೆವು. ಅಕ್ಕ ವಳ್ಳೂರಿಗೆ ವಾಪಸ್ ಹೋದಳು.

ಈಗ ಕೇಳುತ್ತೇನೆ. ಕೂಲಿ ಮಾಡುವವರಿಗೆ ಕೂಲಿಯಿಂದ ಬರುವುದನ್ನು ಬಿಟ್ಟು ಬೇರೆ ಕಾಯಿಲೆಯೇ ಬರಬಾರದಾ? ಇದೇ ನೋವು ಒಬ್ಬ ತಹಸೀಲ್ದಾರರ ಹೆಂಡತಿಗೆ ಬಂದಿದ್ದರೆ "ಏನು ಕೆಲಸ?" ಅನ್ನುವುದು ಕೊನೆಯ ಪ್ರಶ್ನೆಯಾಗುತ್ತಿತ್ತು. ಮೊದಲು ರಕ್ತ ಕೇಳುತ್ತಿದ್ದರು. ರಕ್ತದ ಕಣ ಒಂದು ಗಾಜಿನ ಕೊಳವೆಯಲ್ಲಿ ಎಷ್ಟು ಬೇಗ ಕೆಳಗಿಳಿಯುತ್ತದೆ ಅಂತ ನೋಡುವ ಹಳೇ ಕಾಲದ ಪರೀಕ್ಷೆಯೊಂದಿದೆ. ಮೈಯೊಳಗೆ ಎಲ್ಲೋ ಕೀವಿದ್ದರೆ ಆ ಲೆಕ್ಕ ಸಾಮಾನ್ಯವಾಗಿ ಏರಿರುತ್ತದೆ. ತಾಲ್ಲೂಕಿನ ಯಾವ ಸಣ್ಣ ಲ್ಯಾಬಿನಲ್ಲೂ ಮಾಡುತ್ತಾರೆ. ಒಬ್ಬರೂ ಬರೆಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ನಾನು ಸ್ಕೂಲಿಗೆ ಹೊರಡುವಾಗ ವಳ್ಳೂರಿನಿಂದ ಅಕ್ಕನ ಫೋನ್ ಬಂತು.

"ಲೇ, ಚಪ್ಲಿ ಜಾರಿ ಬಿದ್ದೋಗೈತೆ, ನಂಗೆ ಗೊತ್ತೇ ಆಗಿಲ್ಲ. ಬರಿಗಾಲಾಗೆ ಹಟ್ಟಿ ಮುಂದೆ ಬಂದ್ಬುಟ್ಟಿವ್ನಿ. ಹತ್ತಿ ಮ್ಯಾಲೆ ನಡ್ದಂಗೈತೆ. ಕಾಲು ನಂದಲ್ವೇನೋ ಅನ್ನಂಗಾಗೈತೆ."

"ಒಂದಕ್ಕೆ ಸರಿಯಾಗಿ ಹೋಗ್ತಿದೀಯಾ ಅಕ್ಕ?" ಅಂತ ಕೇಳುವ ಬುದ್ಧಿ ನನಗೆ ಅದು ಹೇಗೆ ಬಂತೋ.

ಅವಳು ಮೆಲ್ಲಗೆ, "ನೆನ್ನೆಯಿಂದ ಆಗಿಲ್ಲ ಕಣಮ್ಮ. ಗಂಡಸ್ರ ತಾವ ಅದ್ನ ಹೆಂಗೆ ಹೇಳಾದು?" ಅಂದಳು.

ನಾನು ರಜೆ ಚೀಟಿ ಕೂಡ ಬರೆಯದೆ ಮಧುಗಿರಿ ಬಸ್ ಹತ್ತಿದೆ. ಭಾವ ಜೀಪು ಮಾಡಿಕೊಂಡು ಪಾವಗಡದ ಕಡೆಯಿಂದ ಅಲ್ಲಿಗೇ ಬರುವುದು ಅಂತ ಮಾತಾಯಿತು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರಾಗಿದ್ದದ್ದು ಒಬ್ಬ ಹುಡುಗಿ. ಹುಡುಗಿ ಅಂತಲೇ ಬರೆಯುತ್ತೇನೆ, ನಾನು ಪಾಠ ಹೇಳಿದ ಮಕ್ಕಳ ವಯಸ್ಸು. ಥರ್ಮಾಮೀಟರ್ ನೋಡಿದಳು. ಜ್ವರ ಇಲ್ಲ. ಅವಳು ಬರೆದುಕೊಳ್ಳಲಿಲ್ಲ. ತಲೆ ಎತ್ತಿ ಕೇಳಿದಳು.

"ಅಮ್ಮ, ಮನೆ ಬಿಡೋ ಮುಂಚೆ ಮಾತ್ರೆ ತಗೊಂಡ್ರಾ?"

ಅಕ್ಕ ಕದ್ದು ಸಿಕ್ಕಿಬಿದ್ದವಳಂತೆ ಭಾವನ ಮುಖ ನೋಡಿದಳು. "ಊ ಕಣವ್ವ, ಒಂದೇ ಒಂದು."

"ದಿನಾ?"

"ಆಸ್ಪತ್ರೆಗೆ ಬರೋ ದಿನ ಮಾತ್ರ."

ಆ ಹುಡುಗಿ ನಗಲಿಲ್ಲ, ಬೈಯಲಿಲ್ಲ. "ಯಾಕಮ್ಮ ಹಂಗೆ?" ಅಂತ ಕೇಳಿದಳು. ಅದಕ್ಕೆ ಅಕ್ಕ ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ.

"ನಳ್ಳಾಡ್ಕಂಡು ಬಂದ್ರೆ ನಾಟಕ ಆಡ್ತಾಳೆ ಅಂತಾರೆ. ಧೂಳು ಮೈನಾಗೆ ಬಂದ್ರೆ ದೂರ್ದಾಗೇ ಕೂರುಸ್ತಾರೆ, ಮುಟ್ಟಾಕಿಲ್ಲ. ಅದ್ಕೇ ನೀಟಾಗಿ ಬತ್ತೀವಿ."

ಓದುಗರೇ, ನಾನು ಇಷ್ಟು ವರ್ಷ ಇದನ್ನು ನಮ್ಮ ಹೆಂಗಸರ ಶೋಕಿ ಅಂದುಕೊಂಡಿದ್ದೆ. ಅಲ್ಲ. ಇದು ಭಯ. ಡಾಕ್ಟರು ಮುಟ್ಟಲಿ ಅಂತ ಮಾಡಿಕೊಳ್ಳುವ ತಯಾರಿ. ನಮ್ಮ ಅಜ್ಜಿ ಕೂಡ ಇದನ್ನೇ ಮಾಡುತ್ತಿದ್ದರು, ಅವರನ್ನು ಯಾವ ಯಾವ ಜಗಲಿಯ ಕೆಳಗೆ ನಿಲ್ಲಿಸುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾಲ ಬದಲಾಗಿದೆ ಎನ್ನುತ್ತೇವೆ. ನನ್ನ ಅಕ್ಕ ಇನ್ನೂ ನಂಬಿಲ್ಲ. ಅವಳು ನಂಬುವಂಥದ್ದು ಅವಳಿಗೆ ಎಲ್ಲಿ ಏನು ಸಿಕ್ಕಿದೆ?

ಆ ಹುಡುಗಿ ಅಕ್ಕನನ್ನು ಕೂರಿಸಿ, ರವಿಕೆ ಸರಿಸಿ, ಬೆನ್ನಿನ ಮೇಲೆ ಮೇಲಿನಿಂದ ಕೆಳಕ್ಕೆ ಮುಷ್ಟಿಯಿಂದ ಮೆತ್ತಗೆ ಬಡಿಯುತ್ತಾ ಬಂದಳು. ಒಂದೇ ಒಂದು ಕಡೆ ಅಕ್ಕ ಮೇಲಕ್ಕೆ ನೆಗೆದಳು. "ಇಲ್ಲೇ" ಅಂದಳು ಹುಡುಗಿ. ಒಂದು ಪಿನ್ ತಗೊಂಡು ಎದೆಯಿಂದ ಹೊಟ್ಟೆಗೆ ಚುಚ್ಚಿ ಚುಚ್ಚಿ ಕೇಳಿದಳು. ಹೊಕ್ಕುಳಿಗಿಂತ ಸ್ವಲ್ಪ ಮೇಲಿನಿಂದ ಕೆಳಕ್ಕೆ ಅಕ್ಕನಿಗೆ ಚೂಪು ಗೊತ್ತಾಗುತ್ತಿರಲಿಲ್ಲ. ಕಾಲೆತ್ತಿ ಅಂದರೆ ಎಡಗಾಲು ಎದ್ದಿತು, ಬಲಗಾಲು ಹಾಸಿಗೆ ಬಿಟ್ಟು ಮೇಲೇಳಲಿಲ್ಲ. "ಇತ್ತೀಚೆಗೆ ಮೈಮೇಲೆ ಗಾಯ, ಕುರು ಏನಾದ್ರೂ ಆಗಿತ್ತಾ?" ಅಂದಳು. ತೊಡೆಯ ಮೇಲಿನ ಕಲೆ ಸಿಕ್ಕಿತು. ಸಕ್ಕರೆ ನೋಡಿಸಿದಳು, ಆಕಾಶದಲ್ಲಿತ್ತು. ಇಷ್ಟೆಲ್ಲಕ್ಕೂ ಹಿಡಿದದ್ದು ಅರ್ಧ ಗಂಟೆ. ಯಂತ್ರ ಬೇಕಾಗಲಿಲ್ಲ. ಕೈ ಬೇಕಾಯಿತು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಂ, ಬೆನ್ನುಹುರಿಯ ಹೊದಿಕೆಗೂ ಮೂಳೆಗೂ ಮಧ್ಯೆ ಕೀವು ಕಟ್ಟಿರಬಹುದು ಅನ್ನೋದು ನನ್ನ ಅನುಮಾನ. ಎಪಿಡ್ಯೂರಲ್ ಆಬ್ಸೆಸ್ ಅಂತೀವಿ. ಕುರುವಿನಿಂದ ರಕ್ತಕ್ಕೆ ಇಳಿದು ಅಲ್ಲಿ ಹೋಗಿ ಕೂತಿರುತ್ತೆ. ಇವತ್ತೇ ಎಂಆರ್‌ಐ ಆಗಬೇಕು. ಸೊಂಟದ್ದು ಮಾತ್ರ ಅಲ್ಲ, ಕತ್ತಿನಿಂದ ಕೆಳಗಿನವರೆಗೆ ಪೂರ್ತಿ. ನಾಳೆ ಅನ್ನಬೇಡಿ."

ಮೂಳೆಯ ಕೊಳವೆಯೊಳಗೆ ಬೆನ್ನುಹುರಿ, ಅದರ ಸುತ್ತ ಪೊರೆ, ಪೊರೆಯ ಹೊರಗೆ ಸ್ವಲ್ಪವೇ ಸ್ವಲ್ಪ ಜಾಗ. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ! ಆ ಜಾಗದಲ್ಲಿ ಕೀವು ತುಂಬಿದರೆ ಅದು ಹುರಿಯನ್ನು ಅಮುಕುತ್ತದೆ. ಮೂಳೆ ಹಿಗ್ಗುವುದಿಲ್ಲವಲ್ಲ. ಹುರಿಯ ರಕ್ತನಾಳಗಳೂ ಕಟ್ಟಿಕೊಳ್ಳುತ್ತವೆ. ಮೊದಲು ನೋವು, ಆಮೇಲೆ ಜೋಮು, ಆಮೇಲೆ ಕಾಲಿನ ಬಲ, ಮೂತ್ರ, ಕೊನೆಗೆ ಪೂರ್ತಿ ಲಕ್ವ. ಕೊನೆಯ ಮೆಟ್ಟಿಲುಗಳನ್ನು ಅದು ಗಂಟೆಗಳ ಲೆಕ್ಕದಲ್ಲಿ ಇಳಿಯಬಲ್ಲದು.

ಹುಡುಗಿ ಮೂತ್ರಕ್ಕೆ ನಳಿಕೆ ಹಾಕಿಸಿ, ರಕ್ತ ತೆಗೆಸಿ, ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ತಾನೇ ಫೋನ್ ಮಾಡಿದಳು. ಚೀಟಿಯಲ್ಲಿ "ಮಾತ್ರೆಯಿಂದ ಜ್ವರ ಇಳಿದಿದೆ, ಜ್ವರ ಇಲ್ಲ ಎಂದು ತಿಳಿಯಬೇಡಿ" ಅಂತ ಕೆಳಗೆ ಗೆರೆ ಎಳೆದು ಬರೆದಳು. ಕೊರಟಗೆರೆ ದಾಟುವಾಗ ಆಂಬುಲೆನ್ಸಿನಲ್ಲಿ ಅಕ್ಕನ ಬಲಗಾಲಿನ ಹೆಬ್ಬೆರಳು ಹಿಡಿದುಕೊಂಡು ಕೂತಿದ್ದೆ. "ಅಲ್ಲಾಡಿಸಕ್ಕ" ಅಂದರೆ ಅವಳು "ಅಲ್ಲಾಡುಸ್ತಾ ಇವ್ನಲ್ಲ" ಅನ್ನುತ್ತಿದ್ದಳು. ಅದು ಅಲ್ಲಾಡುತ್ತಿರಲಿಲ್ಲ. ನಾನು "ಹೂಂ, ಗೊತ್ತಾಯ್ತು" ಅಂದೆ.

ಎಂಆರ್‌ಐಯಲ್ಲಿ ಕೀವು ಸಿಕ್ಕಿತು, ಹುಡುಗಿ ಬೆರಳಿಟ್ಟ ಜಾಗದಲ್ಲೇ. ಕೂಡಲೇ ಆಪರೇಷನ್ ಅಂದರು. ಬೆನ್ನುಮೂಳೆಯ ಹಿಂಬದಿಯ ಪದರವನ್ನು ಸ್ವಲ್ಪ ತೆಗೆದು, ಕೀವು ತೊಳೆದು, ಹುರಿಯ ಮೇಲಿನ ಒತ್ತಡ ಇಳಿಸುವುದು. ಭಾವ ಸಹಿ ಹಾಕಲು ಒಪ್ಪಲಿಲ್ಲ. ಬೆನ್ನಿಗೆ ಕತ್ತಿ ತಾಗಿಸಿಕೊಂಡವರು ಮತ್ತೆ ಏಳುವುದಿಲ್ಲ ಅನ್ನುವ ಮಾತು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. "ಔಷ್ದಿನಾಗೇ ನೋಡನ ಸಾರ್" ಅಂತ ಸರ್ಜನ್ ಹತ್ತಿರ ಕೈಮುಗಿದರು.

ಸರ್ಜನ್ ಹೇಳಿದರು: "ಕಾಲಿನ ಬಲ ಸರಿಯಾಗಿದ್ದು, ಕೀವು ಸಣ್ಣದಿದ್ದಿದ್ದರೆ ಔಷಧಿ ಕೊಟ್ಟು ಕಾಯಬಹುದಿತ್ತು. ಇವರದು ಕಾಲಿಗೆ ಬಂದಾಗಿದೆ. ಇವತ್ತು ಎಷ್ಟು ಬಲ ಇದೆಯೋ ಅದನ್ನು ಉಳಿಸೋಕೆ ನೋಡ್ತೀನಿ. ಕಾದರೆ ಕೀವು ಮಾತ್ರ ನಾನು ತೆಗೀಬಹುದು, ಕಾಲು ವಾಪಸ್ ಬರಲ್ಲ."

ಭಾವ ಆಗಲೂ ಪೆನ್ನು ಹಿಡಿಯಲಿಲ್ಲ. ಸ್ಟ್ರೆಚರ್ ಮೇಲಿದ್ದ ಅಕ್ಕ ತಲೆ ತಿರುಗಿಸಿದಳು.

"ಕಾಲಿಲ್ದೆ ಬದುಕಾದು ನಾನು, ನೀನಲ್ಲ. ಸೈನ್ ಹಾಕು."

ಹಾಕಿದರು.

ಕೀವನ್ನು ಪರೀಕ್ಷಿಸಿದಾಗ ಬಂದದ್ದು ಚರ್ಮದ ಮೇಲೆಯೇ ಇರುವ ಒಂದು ಸಾಮಾನ್ಯ ಬ್ಯಾಕ್ಟೀರಿಯಾ. ಅದಕ್ಕೆ ನಾಟುವ ಆ್ಯಂಟಿಬಯೊಟಿಕ್ ಅನ್ನು ಆರು ವಾರ ರಕ್ತನಾಳಕ್ಕೇ ಕೊಟ್ಟರು. ಸಕ್ಕರೆಗೆ ಇನ್ಸುಲಿನ್. ಮೂರನೆಯ ವಾರ ಮೂತ್ರದ ನಳಿಕೆ ತೆಗೆದರು. ಎಡಗಾಲಿನ ಶಕ್ತಿ ಪೂರ್ತಿ ಬಂತು. ಬಲಗಾಲು ಅರ್ಧ ಬಂತು. ಈಗ ಅಕ್ಕ ವಾಕರ್ ಹಿಡಿದು ಹಟ್ಟಿಯ ಬಾಗಿಲಿಂದ ರಸ್ತೆಯವರೆಗೆ ಹೋಗಿ ಬರುತ್ತಾಳೆ. ಬಲಪಾದ ನೆಲ ಸವರಿಕೊಂಡು ಬರುತ್ತದೆ. ಇನ್ನೂ ಸುಧಾರಿಸಬಹುದು ಅನ್ನುತ್ತಾರೆ, ಎಷ್ಟು ಅಂತ ಹೇಳುವುದಿಲ್ಲ. ಪ್ಲೇಟು ತೊಳೆಯುವ ತಂಡದಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಅದನ್ನು ನನಗೆ ಹೇಳುವಾಗ ಮೊದಲ ಸಲ ಅತ್ತಳು. ಆಪರೇಷನ್ ದಿನವೂ ಅತ್ತಿರಲಿಲ್ಲ.

ಹತ್ತು ದಿನ ಮುಂಚೆ ಸಿಕ್ಕಿದ್ದರೆ? ಈ ಲೆಕ್ಕ ನಾನು ದಿನಾ ಮಾಡುತ್ತೇನೆ. ಮಾಡಿದಾಗಲೆಲ್ಲ ಮೊದಲು ನನ್ನ ಮೇಲೆ ಸಿಟ್ಟು ಬರುತ್ತದೆ. ಜ್ವರವನ್ನು ಅಳಿಸಿ ಹಾಕಿ, ಡಾಕ್ಟರ ಮುಂದೆ ತಣ್ಣನೆಯ ಹಣೆ ಕೂರಿಸಿದವಳು ನಾನು. ಹಾಗಾಗಿ ನಿಮ್ಮ ಹತ್ತಿರ ಒಂದು ಕೇಳಿಕೊಳ್ಳುತ್ತೇನೆ. ಮಾತ್ರೆ ನುಂಗಲೇಬೇಕಾದರೆ ನುಂಗಿ, ಆದರೆ ನುಂಗಿದ್ದೇನೆ ಅಂತ ಹೇಳಿ, ನಿನ್ನೆ ಸಂಜೆ ಜ್ವರ ಎಷ್ಟಿತ್ತು ಅಂತಲೂ ಹೇಳಿ. ಬೆನ್ನು ನೋವಿನ ಜೊತೆ ಚಳಿ ಜ್ವರ ಇದ್ದರೆ, ಸಕ್ಕರೆ ಇದ್ದರೆ, ಮೈಮೇಲೆ ಕುರು ಎದ್ದಿದ್ದರೆ ಬಾಯಿಬಿಟ್ಟು ಹೇಳಿ. ಕಾಲು ಜೋಮು ಹಿಡಿದರೆ, ಮೂತ್ರ ನಿಂತರೆ ನಾಚಿಕೊಂಡು ಕೂರಬೇಡಿ, ಆ ಕ್ಷಣವೇ ಹೊರಡಿ. (ಮತ್ತೆ ಜ್ವರವೇ ಬರದೆಯೂ ಇದು ಬರುತ್ತದಂತೆ. ಹಾಗಾಗಿ ಥರ್ಮಾಮೀಟರನ್ನು ನಂಬಿ ಡಾಕ್ಟರುಗಳು ಕೂಡ ಆರಾಮಾಗಿ ಇರುವ ಹಾಗಿಲ್ಲ.)

ಆದರೆ ಸಿಟ್ಟನ್ನೆಲ್ಲ ನಾನೊಬ್ಬಳೇ ಯಾಕೆ ಹೊರಲಿ?

ಕಳೆದ ಶನಿವಾರ ನಮ್ಮ ಸ್ಕೂಲಿನಲ್ಲಿ ಪೋಷಕರ ಸಭೆ. ಆ ಮೂಳೆ ಡಾಕ್ಟರು ಬಂದಿದ್ದರು. ಮಗಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ, ನನ್ನ ಕಡೆ ತಿರುಗಿ, "ನಿಮ್ಮ ಅಕ್ಕನ ಬೆನ್ನು ಹೆಂಗಿದೆ ಟೀಚರ್?" ಅಂದರು. ಹೇಳಿದೆ. ಒಂದೊಂದೂ ಹೇಳಿದೆ. ಅವರ ಮುಖ ಸಣ್ಣದಾಯಿತು. ನಿಜವಾಗಿಯೂ ನೊಂದುಕೊಂಡರು, ಅದನ್ನು ಇಲ್ಲ ಅನ್ನಲಾರೆ. "ಬಹಳ ಅಪರೂಪದ ಕಾಯಿಲೆ ಟೀಚರ್ ಅದು. ನಮಗೂ ಹೊಳೆಯೋದು ಕಷ್ಟ" ಅಂದರು.

ಅವರ ಮಗಳು ಪಕ್ಕದಲ್ಲೇ ಇದ್ದಳು, ಅದಕ್ಕೇ ಅಲ್ಲಿ ಕೇಳಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ಕಾಯಿಲೆ ಅಪರೂಪದ್ದು, ಒಪ್ಪಿದೆ ಸಾರ್. ಬೆನ್ನು ನೋಯುತ್ತಿದೆ ಅಂತ ಬಂದವಳ ಬೆನ್ನು ಒಂದು ಸಲ ಮುಟ್ಟಿ ನೋಡುವುದೂ ಅಷ್ಟೇ ಅಪರೂಪವಾ?